ನೀರು ಕುಡಿಸುವ ಪಾಳಿ

ರಾತ್ರಿ ಎರಡೂವರೆ. ಅರ್ಗಾದ ಧಕ್ಕೆಯಲ್ಲಿ
ಯಂತ್ರದ ಮೈ ಆರಿದೆಯೆಂದು ಪುತ್ತು ತಾಂಡೇಲ
ಅಂಗೈಯಿಟ್ಟು ನೋಡಿ ಹೇಳುತ್ತಾನೆ,
ಮೀಟರು ಇದ್ದರೂ.
ದೋಣಿಯ ತಳಕ್ಕೆ ಹಚ್ಚಿದ ಎಣ್ಣೆ ಒಣಗಿತೋ ಎಂದು
ಅವನಪ್ಪ ನೋಡುತ್ತಿದ್ದದ್ದೂ ಹೀಗೆಯೇ ಅಂತೆ.

ಹಡಗಿನ ಹೊಟ್ಟೆಯ ಗ್ಯಾಸ್ ಟರ್ಬೈನು
ನೋಡಲಿಕ್ಕೆ ಅಂಥದ್ದೇನಲ್ಲ,
ಪೆಟ್ಟಿಗೆಯೊಳಗೆ ಮಲಗಿದ ಉದ್ದನೆಯ ಕೊಳವೆ.
ಉರಿದರೆ ಇಪ್ಪತ್ತು ಸಾವಿರ ಕುದುರೆ.
ಅದಕ್ಕೆ ಗಾಳಿ ಬೇಕು, ಗಾಳಿ, ಇನ್ನಷ್ಟು ಗಾಳಿ,
ಒಂದು ನಿಮಿಷದಲ್ಲಿ ನಮ್ಮೂರ ಶಾಲೆಯನ್ನು
ಹತ್ತು ಸಲ ಬರಿದು ಮಾಡುವಷ್ಟು.

ಈ ಕಡಲ ಮೇಲೆ ಬರೀ ಗಾಳಿ ಎಂಬುದು ಎಲ್ಲಿದೆ?
ಮೂರು ಜಾಲರಿ ದಾಟಿಯೂ ಉಪ್ಪು ಬರುತ್ತದೆ,
ಅಲಗಿನಿಂದ ಅಲಗಿಗೆ ಅಂಟಿ ಕೂರುತ್ತದೆ.
ತಿಂಗಳೊಳಗೆ ಯಂತ್ರಕ್ಕೆ ಏದುಸಿರು:
ಅಷ್ಟೇ ಡೀಸೆಲ್ ಕುಡಿದು ಕಡಿಮೆ ಓಡುತ್ತದೆ,
ಬಾಲದ ಕಡೆ ಬಿಸಿ ಏರುತ್ತದೆ.
‘ಉಪ್ಪು ತಿಂದವ ನೀರು ಕುಡಿಯಲೇಬೇಕಲ್ಲ’
ಎನ್ನುತ್ತಾನೆ ತಾಂಡೇಲ, ಪ್ರತಿ ಸಲ, ಪ್ರತಿ ಹಡಗಿಗೆ.
ನಾವು ನಗಬೇಕು.

ಬೆಂಕಿ ಕೊಡುವುದಿಲ್ಲ. ಸ್ಟಾರ್ಟರಿನಿಂದ ಸುಮ್ಮನೆ ತಿರುಗಿಸುತ್ತೇವೆ.
ಬಟ್ಟಿ ಇಳಿಸಿದ ನೀರು, ಒಂದಿಷ್ಟು ಸೋಪು,
ಮಂಜಾಗಿ ಅದರ ಬಾಯಿಗೆ ಬಿಡುವುದು ನನ್ನ ಕೆಲಸ.
ನೆನೆಯಲಿ ಎಂದು ಹತ್ತು ನಿಮಿಷ ಬಿಡಬೇಕು.
ಆ ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ.
ಈ ಕಾಂಕ್ರೀಟಿನ ಕೆಳಗೆಲ್ಲೋ
ತಾಂಡೇಲನ ಮನೆಯವರು ಬಲೆ ಒಣಗಿಸುತ್ತಿದ್ದ ಜಾಗವಿದೆ.
ಮೊದಮೊದಲು ಬೆರಳು ಮಾಡಿ ತೋರಿಸುತ್ತಿದ್ದನಂತೆ.
ಈಗ ಕೇಳಿದರೆ, ‘ಅಳತೆ ತಪ್ಪಿಹೋಗಿದೆ.’

ತಳದ ನಲ್ಲಿ ಬಿಚ್ಚಿದರೆ ಮೊದಲಿಗೆ ಕಂದು ನೀರು.
ಲೋಟದಲ್ಲಿ ಹಿಡಿದು ಮೀಟರಿಗೆ ತೋರಿಸಬೇಕು,
ಅದು ಅಂಕಿ ಹೇಳುತ್ತದೆ.
ಅದಕ್ಕೂ ಮೊದಲು, ಯಾರೂ ನೋಡದಾಗ,
ಕಿರುಬೆರಳು ಅದ್ದಿ ನಾಲಿಗೆಗೆ ಇಡುತ್ತೇನೆ.
ಮಾಡಬಾರದು. ಸೋಪಿದೆ, ಗ್ರೀಸಿದೆ.
ಆದರೆ ಸಾಣಿಕಟ್ಟೆಯಲ್ಲಿ ಅವ್ವ ಹೀಗೆಯೇ
ಒಂದು ಪಾತಿಯ ನೀರನ್ನು ಇನ್ನೊಂದಕ್ಕೆ ದಾಟಿಸುವ
ಹೊತ್ತು ಹೇಳುತ್ತಿದ್ದಳು:
‘ಇನ್ನೂ ಎರಡು ಬಿಸಿಲು ಬೇಕು.’

ಹೋದ ವರ್ಷ ಒಂದು ಹಡಗು ತೊಳೆಯದೇ ಓಡಿ ಬಂತು.
ಬೋರ್‌ಸ್ಕೋಪಿನ ಹಾವನ್ನು ಒಳಗೆ ಬಿಟ್ಟು ನೋಡಿದೆ.
ಉರಿಯ ಬದಿಯ ಅಲಗುಗಳು ಸಿಪ್ಪೆಯೆದ್ದು,
ಗುಳಿ ಬಿದ್ದು, ಅಂಚು ಸೀಳಿ.
ಚೀಫ್ ಸಾಹೇಬರು ಪರದೆಯ ಮೇಲೆ ದೊಡ್ಡದು ಮಾಡಿ
‘ಇಂಥದ್ದು ಹಿಂದೆ ನೋಡಿದ್ದೀಯಾ?’ ಎಂದರು.
ನೋಡಿದ್ದೆ.
ಬೇಸಿಗೆಯಲ್ಲಿ, ಚಿಮಣಿ ಬೆಳಕಲ್ಲಿ,
ಅವ್ವನ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚುವಾಗ.
‘ಇಲ್ಲ ಸರ್’ ಅಂದೆ.
ಅಲಗುಗಳನ್ನೆಲ್ಲ ಬದಲಿಸಿದರು.
ಒಂದೊಂದರ ಬೆಲೆ ಎಷ್ಟೆಂದು ಮನೆಯಲ್ಲಿ ಹೇಳಿಲ್ಲ.

ಅವಳು ಕೇಳಿದ್ದು ಇಷ್ಟೇ:
‘ಅಷ್ಟು ತೊಳೆದ್ರೆ ಎಷ್ಟು ಉಪ್ಪು ಸಿಗ್ತದೆ ಮಗಾ?’
‘ಒಂದು ಚಮಚ. ಅದೂ ಇರ್ಲಿಕ್ಕಿಲ್ಲ.’
‘ಅಷ್ಟಕ್ಕೇ ಹಡಗು ಸುಸ್ತಾಗ್ತದಾ?’
ಆಮೇಲೆ ನಕ್ಕಳು,
ಕೆಮ್ಮು ಬರುವವರೆಗೆ ನಕ್ಕಳು,
ಹೊರಲಾರದ ಬುಟ್ಟಿಯನ್ನು ದಾರಿಯಲ್ಲೇ ಇಳಿಸಿದವರ ಹಾಗೆ
ಗೋಡೆಗೆ ಒರಗಿ.

ನಾಲ್ಕನೆಯ ನೀರು ನಾಲಿಗೆಗೆ ಏನೂ ಅನ್ನುವುದಿಲ್ಲ.
ಮೀಟರೂ ಒಪ್ಪುತ್ತದೆ.
ಒಣಗಲೆಂದು ಐದು ನಿಮಿಷ ಬೆಂಕಿ:
ಮೊದಲು ಸಣ್ಣ ಶಿಳ್ಳೆ, ಆಮೇಲೆ ಹಲ್ಲು ಅದುರುವ ಸದ್ದು,
ಹೊಗೆಗೂಡಿನಿಂದ ಬಿಳಿ ಹಬೆ
ಅಂಜುದೀವದ ಕಡೆಗೆ ವಾಲಿಕೊಂಡು.

ಲಾಗ್ ಪುಸ್ತಕದಲ್ಲಿ ಬರೆಯುತ್ತೇನೆ.
ಉಪ್ಪು: ಇಲ್ಲ.
ತೊಳೆದವರು: ಮಾದೇವಿ ಬೀರಪ್ಪ ಆಗೇರ.
ಹೊಸ ಲೆಫ್ಟಿನೆಂಟು, ಯಾವ ಸೀಮೆಯವನೋ,
ಸಹಿ ಹಾಕುತ್ತ ಕೇಳಿದ, ‘ಆಗೇರ ಅಂದರೆ?’
‘ಆಗರದವರು’ ಎಂದೆ.
ಊರಿನ ಹೆಸರು ಅಂದುಕೊಂಡ.
ಇಲ್ಲಿಂದ ಎಷ್ಟು ಕಿಲೋಮೀಟರು ಎಂದ.